ಏಳು ವರ್ಷ ಗಲ್ಫಿನಲ್ಲಿ ಸ್ಟೋರ್‌ಕೀಪರ್, ಈಗ ಎಂಸಿಎ ಓದುತ್ತಿದ್ದೇನೆ. ಮಂಗಳೂರು, ಉಡುಪಿ ಕಡೆ ಐಟಿಯಲ್ಲಿ ಮೊದಲ ಕೆಲಸ ಹೇಗೆ ಹಿಡಿಯುವುದು?

ಮೂಲ್ಕಿ_ಸ್ಟೋರ್‌ಕೀಪರ್ · ಆಗಸ್ಟ್ 11

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಇದ್ದವ ನಾನು, ಬರೆಯುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡ್ಬೇಡಿ.

ನನಗೆ 34 ವರ್ಷ. ಬಿಕಾಂ ಮುಗಿಸಿ ನಾಲ್ಕು ವರ್ಷ ಬೈಕಂಪಾಡಿಯ ಒಂದು ಗೋದಾಮಿನಲ್ಲಿದ್ದೆ. ಆಮೇಲೆ ಊರಿನ ಅರ್ಧ ಜನರ ಹಾಗೆ ನಾನೂ ಗಲ್ಫ್ ವಿಮಾನ ಹತ್ತಿದೆ. ಸೌದಿಯ ಜುಬೈಲಿನಲ್ಲಿ ಒಂದು ಗುತ್ತಿಗೆ ಕಂಪನಿಯ ಸ್ಟೋರಿನಲ್ಲಿ ಏಳು ವರ್ಷ. ಪೈಪು, ವಾಲ್ವು, ಫ್ಲ್ಯಾಂಜು, ಗ್ಯಾಸ್ಕೆಟ್ಟು ಎಣಿಸುವ ಕೆಲಸ. ಎರಡು ವರ್ಷದ ಹಿಂದೆ ಅಪ್ಪನಿಗೆ ಹುಷಾರಿಲ್ಲ ಅಂತ ಬಂದವ ವಾಪಸ್ ಹೋಗಲಿಲ್ಲ. ಈಗ ಬೆಳಿಗ್ಗೆ ಭಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂರುತ್ತೇನೆ. ಅಲ್ಲೂ ಪೈಪೇ!

ಇಗ್ನೋದಲ್ಲಿ ಎಂಸಿಎ ಸೇರಿದ್ದೇನೆ, ಎರಡನೇ ಸೆಮಿಸ್ಟರ್. ನಾನು ಪಿಯುಸಿಯಲ್ಲೂ ಡಿಗ್ರಿಯಲ್ಲೂ ಗಣಿತ ಓದಿದವನಲ್ಲ. ಹಾಗಾಗಿ ಸಿ, ಪೈಥಾನ್ ಒಂದು, ಡೇಟಾ ಸ್ಟ್ರಕ್ಚರ್ ಒಂದು, ಒಟ್ಟು ಎರಡು ವಿಷಯ ಹೆಚ್ಚಿಗೆ ಬಿದ್ದಿವೆ. ಓದುವುದು ರಾತ್ರಿ, ಮಗಳು ಮಲಗಿದ ಮೇಲೆ.

ಇದುವರೆಗೆ 60ಕ್ಕಿಂತ ಜಾಸ್ತಿ ಕಡೆ ಅರ್ಜಿ ಹಾಕಿದ್ದೇನೆ. ಫೋನ್ ಬಂದದ್ದು ಎರಡು. ಒಬ್ಬರು ಪಾಸಾದ ವರ್ಷ ಕೇಳಿ ಇಟ್ಟರು. ಇನ್ನೊಬ್ಬರು ವಯಸ್ಸು ಕೇಳಿ ಇಟ್ಟರು.

ಮನೆ ಮೂಲ್ಕಿ. ಮಂಗಳೂರಿಗೂ ಉಡುಪಿಗೂ ಸುಮಾರು 30 ಕಿಲೋಮೀಟರ್, ಆದ್ದರಿಂದ ಯಾವ ಕಡೆಯಾದರೂ ಆಗಬಹುದು. ಬೆಂಗಳೂರು ಮಾತ್ರ ಆಗುವುದಿಲ್ಲ, ಅಪ್ಪ ಇದ್ದಾರೆ. ಓದು ಮುಗಿಯುವ ತನಕ ಕಾಯಬೇಕಾ, ಈಗಲೇ ಏನಾದರೂ ಸಿಗ್ತದಾ?

ಪಡುಬಿದ್ರಿ_ಪೈಥಾನ್ · ಆಗಸ್ಟ್ 11

ಅಣ್ಣ, ನಾನು ಬಿಇ ಕೊನೆ ವರ್ಷ. ನೇರ ಹೇಳ್ತೇನೆ, ಡಿಗ್ರಿ ಯಾರೂ ನೋಡುವುದಿಲ್ಲ, ಪ್ರಾಜೆಕ್ಟ್ ನೋಡ್ತಾರೆ. ಜಾವಾಸ್ಕ್ರಿಪ್ಟ್, ರಿಯಾಕ್ಟ್, ನೋಡ್ ಕಲಿಯಿರಿ. ಕೋಡ್ ಎಲ್ಲರಿಗೂ ಕಾಣುವ ಹಾಗೆ ಇಡುವ ತಾಣ ಗಿಟ್‌ಹಬ್‌ನಲ್ಲಿ ನಾಲ್ಕೈದು ಪ್ರಾಜೆಕ್ಟ್ ಹಾಕಿ. ಕೋಡಿಂಗ್ ಅಭ್ಯಾಸದ ತಾಣ ಲೀಟ್‌ಕೋಡ್‌ನಲ್ಲಿ ದಿನಕ್ಕೆ ಎರಡು ಲೆಕ್ಕ ಬಿಡಿಸಿ. ಆರು ತಿಂಗಳಲ್ಲಿ ಡೆವಲಪರ್ ಆಗಬಹುದು.

ನೈಟ್‌ಶಿಫ್ಟ್_ಕೊಟ್ಟಾರ · ಆಗಸ್ಟ್ 12

ಆರು ತಿಂಗಳಲ್ಲಿ ಡೆವಲಪರ್, ಅದೂ ಅಂಗಡಿ, ಮಗಳು, ಅಪ್ಪ, ಎಂಸಿಎ ಎಲ್ಲ ಇಟ್ಟುಕೊಂಡು? ತಮ್ಮಾ, ನಿನಗೆ ಹಾಸ್ಟೆಲಿನಲ್ಲಿ ಊಟ ರೆಡಿ ಸಿಗ್ತದೆ ಅಲ್ವಾ.

ಸ್ಟೋರ್‌ಕೀಪರ್ ಅವರೇ, ನಾನು ಮಂಗಳೂರಲ್ಲಿ ಸರ್ವಿಸ್ ಡೆಸ್ಕ್‌ನಲ್ಲಿದ್ದೇನೆ. ಎಲ್1, ಅಂದರೆ ಸಪೋರ್ಟಿನ ಮೊದಲ ಹಂತ ಅಂತಾರೆ. ಹೊರದೇಶದ ಕಂಪನಿಯ ನೌಕರರು ಪಾಸ್‌ವರ್ಡ್ ಮರೆತರೆ, ವಿಪಿಎನ್ ಹತ್ತದಿದ್ದರೆ, ಪ್ರಿಂಟರ್ ಮುನಿಸಿಕೊಂಡರೆ ನಮಗೆ ಟಿಕೆಟ್, ಅಂದರೆ ಸಿಸ್ಟಮ್ಮಲ್ಲಿ ದಾಖಲಾದ ದೂರು ಬರುತ್ತದೆ. ನಮ್ಮ ಕೈಲಾದದ್ದು ಸರಿ ಮಾಡುವುದು, ಆಗದ್ದನ್ನು ಮೇಲಿನ ಹಂತ ಎಲ್2ಗೆ ದಾಟಿಸುವುದು. ಎಲ್ಲದಕ್ಕೂ ಗಡಿಯಾರ ಓಡುತ್ತಿರುತ್ತದೆ.

ಮಂಗಳೂರಲ್ಲಿ ಓದುತ್ತಾ ಹಿಡಿಯಬಹುದಾದ ಐಟಿ ಕೆಲಸ ಅಂದರೆ ಸದ್ಯಕ್ಕೆ ಇದು. ಬಿಕಾಂ, ಬಿಎ ಮಾಡಿದವರು ಬೇಕಾದಷ್ಟು ಇದ್ದಾರೆ. ಇಂಗ್ಲಿಷಲ್ಲಿ ಗಾಬರಿ ಬೀಳದೆ ಮಾತಾಡಲು ಬರಬೇಕು. ನೆಟ್‌ವರ್ಕಿನ ತಳಪಾಯ ಗೊತ್ತಿರಬೇಕು. ಐಪಿ ವಿಳಾಸ, ಡಿಎನ್‌ಎಸ್, ಡಿಎಚ್‌ಸಿಪಿ, ಆ್ಯಕ್ಟಿವ್ ಡೈರೆಕ್ಟರಿ ಅಂದರೆ ಎಂತ ಅಂತ ನಿಮ್ಮ ಮಾತಿನಲ್ಲೇ ಹೇಳಲು ಬರಬೇಕು, ಸಾಕು. ನಾನು ಸೇರಿದಾಗ ಕೈಗೆ ಬಂದದ್ದು 16,500.

ಕಷ್ಟವನ್ನೂ ಹೇಳಿಬಿಡುತ್ತೇನೆ. ಅಮೆರಿಕದ ಶಿಫ್ಟ್ ಬಿದ್ದರೆ ಸಂಜೆ ಹೋಗಿ ಬೆಳಗಿನ ಜಾವ ಬರುವುದು. ಕಂಪನಿಯ ಕ್ಯಾಬ್ ಸಾಮಾನ್ಯವಾಗಿ ಒಂದು ಗೆರೆ ಎಳೆದುಕೊಂಡಿರುತ್ತದೆ. ನಮ್ಮಲ್ಲಿ ಸುರತ್ಕಲ್ ತನಕ ಮಾತ್ರ. ಮೂಲ್ಕಿ ಅದರಾಚೆ. ಸೇರುವ ಮೊದಲೇ ಇದನ್ನು ಕೇಳಿಕೊಳ್ಳಿ.

ಬ್ರಹ್ಮಾವರದಕ್ಕ · ಆಗಸ್ಟ್ 12

ನಾನೂ ದಾರಿ ಬದಲಿಸಿದವಳೇ. ಒಂಬತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಈಗ ಉಡುಪಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್, ಮೂರನೇ ವರ್ಷ ನಡೆಯುತ್ತಿದೆ.

ಟೆಸ್ಟಿಂಗ್ ಅಂದರೆ ಸುಲಭದ ಹಿಂಬಾಗಿಲು ಅಂತ ಯಾರೋ ನನ್ನ ತಲೆಗೆ ತುಂಬಿದ್ದರು. ಹಾಗೇನಿಲ್ಲ. ಆದರೆ ಲ್ಯಾಬಿನ ಅಭ್ಯಾಸ ಕೈಹಿಡಿಯಿತು. ಸ್ಯಾಂಪಲ್ ಯಾವುದು, ಯಾವಾಗ ಬಂತು, ಯಾವ ಯಂತ್ರದಲ್ಲಿ ಎಷ್ಟು ಬಂತು, ಎರಡನೇ ಸಲ ಮಾಡಿದಾಗ ಎಷ್ಟು ಅಂತ ಬರೆದಿಡುವುದು ಇದೆಯಲ್ಲ, ಸಾಫ್ಟ್‌ವೇರಿನ ತಪ್ಪು ಬರೆದುಕೊಡುವ ಬಗ್ ರಿಪೋರ್ಟ್ ಕೂಡ ಅದೇ. ಟೆಸ್ಟರ್‌ಗಳ ಸರ್ಟಿಫಿಕೇಟಿಗೆ ಇರುವ ಐಎಸ್‌ಟಿಕ್ಯೂಬಿ ಫೌಂಡೇಶನ್ ಪರೀಕ್ಷೆ ಬರೆದೆ. 40 ಪ್ರಶ್ನೆ, ಒಂದು ಗಂಟೆ, 26 ಸರಿಯಾದರೆ ಪಾಸು. ಪಾಸಾದೆ. ನಿಜ ಹೇಳಬೇಕೆಂದರೆ ಇಂಟರ್‌ವ್ಯೂನಲ್ಲಿ ಆ ಸರ್ಟಿಫಿಕೇಟಿನ ಬಗ್ಗೆ ಒಬ್ಬರೂ ಕೇಳಲಿಲ್ಲ. ಅದಕ್ಕಾಗಿ ಓದಿದ್ದು ಮಾತ್ರ ಬಾಯಿಗೆ ಬಂತು.

ಒಂದು ಮಾತು. ದುಡ್ಡು ಕಟ್ಟಿಸಿಕೊಂಡು ಕೆಲಸ ಕೊಡಿಸುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ನಾನು ಹೋಗಿ ಕೈ ಸುಟ್ಟುಕೊಂಡವಳು.

ಮೂಲ್ಕಿ_ಸ್ಟೋರ್‌ಕೀಪರ್ · ಆಗಸ್ಟ್ 14

ಎಲ್ಲರಿಗೂ ಥ್ಯಾಂಕ್ಸ್. ಅಕ್ಕ, ನೀವು ಸರಿಯಾದ ಹೊತ್ತಿಗೇ ಹೇಳಿದಿರಿ. ಮಂಗಳೂರಿನ ಒಂದು ಕೋಚಿಂಗ್ ಸೆಂಟರಿನವರು 85,000 ಕಟ್ಟಿ, ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂದಿದ್ದರು. ಹೆಂಡತಿಯ ಬಳೆ ಅಡವಿಡುವ ತನಕ ಮಾತು ಹೋಗಿತ್ತು. ಇನ್ನೊಬ್ಬರು ಫೋನ್ ಮಾಡಿ, ಮೂರು ವರ್ಷ ಐಟಿಯಲ್ಲಿ ಇದ್ದ ಹಾಗೆ ಅನುಭವದ ಪತ್ರ ಮಾಡಿಸಿ ಕೊಡುತ್ತೇವೆ, 30,000 ಅಂದರು. ಅದು ಮಾತ್ರ ಸರಿಯಿಲ್ಲ ಅಂತ ನನಗೇ ಅನ್ನಿಸಿತು.

ರೆಸ್ಯೂಮ್_ಓದುವವ · ಆಗಸ್ಟ್ 14

ಸರಿಯಿಲ್ಲ ಅನ್ನುವುದು ಕಡಿಮೆ ಆಯ್ತು ಮಾರ್ರೆ. ನಾನು ಒಂದು ಸಣ್ಣ ಕಂಪನಿಯಲ್ಲಿ ಜನ ತೆಗೆದುಕೊಳ್ಳುವ ಕೆಲಸದಲ್ಲೂ ಕೈ ಹಾಕುತ್ತೇನೆ. ಸುಳ್ಳು ಅನುಭವ ಹಿಡಿಯುವುದು ಈಗ ಐದು ನಿಮಿಷದ ಕೆಲಸ. ಪಿಎಫ್‌ನ ಯುಎಎನ್ (ಪ್ರತಿ ನೌಕರನಿಗೂ ಇರುವ ಒಂದೇ ಪಿಎಫ್ ನಂಬರ್) ತೆರೆದರೆ ಯಾವ ಕಂಪನಿಯಲ್ಲಿ ಯಾವ ತಾರೀಕಿನಿಂದ ಯಾವ ತಾರೀಕಿನ ತನಕ ಇದ್ದಿರಿ ಅಂತ ಬರುತ್ತದೆ. ಅಲ್ಲಿ ಇಲ್ಲದ ಕಂಪನಿ ರೆಸ್ಯೂಮಲ್ಲಿ ಇದ್ದರೆ ಪ್ರಶ್ನೆ ಏಳುತ್ತದೆ. ಕೆಲಸಕ್ಕೆ ಸೇರಿ ಆರು ತಿಂಗಳಾದ ಮೇಲೆ ಸಿಕ್ಕಿಬಿದ್ದು ಹೋದವರನ್ನು ನೋಡಿದ್ದೇನೆ.

ನಿಮ್ಮದು ಗಲ್ಫ್ ಅನುಭವ, ಅದು ಯುಎಎನ್‌ನಲ್ಲಿ ಬರುವುದಿಲ್ಲ. ಹಾಗಂತ ಲೆಕ್ಕಕ್ಕಿಲ್ಲ ಅಂತಲ್ಲ. ಅಲ್ಲಿನ ಸರ್ವಿಸ್ ಸರ್ಟಿಫಿಕೇಟ್, ಇಕಾಮಾ (ಸೌದಿಯ ವಾಸದ ಪರವಾನಗಿ) ಪ್ರತಿ, ಪಾಸ್‌ಪೋರ್ಟಿನ ವೀಸಾ ಪುಟ, ಸಂಬಳ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಒಂದು ಫೈಲಲ್ಲಿ ಹಾಕಿಡಿ.

ಈಗ ನನ್ನದೊಂದು ಪ್ರಶ್ನೆ. ಜುಬೈಲಿನ ಸ್ಟೋರಲ್ಲಿ ಲೆಕ್ಕ ಇಡುತ್ತಿದ್ದದ್ದು ಯಾವುದರಲ್ಲಿ? ಪುಸ್ತಕದಲ್ಲಾ, ಎಕ್ಸೆಲ್‌ನಲ್ಲಾ?

ಮೂಲ್ಕಿ_ಸ್ಟೋರ್‌ಕೀಪರ್ · ಆಗಸ್ಟ್ 14

ಎಸ್‌ಎಪಿಯಲ್ಲಿ, ಅಂದರೆ ಕಂಪನಿಯ ಖರೀದಿ, ಸ್ಟಾಕ್, ಲೆಕ್ಕ ಎಲ್ಲ ಒಂದೇ ಕಡೆ ಇಡುವ ಸಾಫ್ಟ್‌ವೇರ್‌ನಲ್ಲಿ. ಆದರೆ ಅದು ಬರೇ ಎಂಟ್ರಿ ಹೊಡೆಯುವುದು. ಅದರ ಮಿಗೋ ಅನ್ನುವ ಪರದೆಯಲ್ಲಿ ಮಾಲು ಒಳಗೆ ತೆಗೆದುಕೊಳ್ಳುವುದು, ಹೊರಗೆ ಕೊಡುವುದು, ಎಂಬಿ52ರಲ್ಲಿ ಸ್ಟಾಕ್ ನೋಡುವುದು. ರೆಸ್ಯೂಮಿನ ಕೊನೆಯಲ್ಲಿ "ಎಸ್‌ಎಪಿ ಗೊತ್ತು" ಅಂತ ಹಾಕಿದ್ದೇನೆ.

ರೆಸ್ಯೂಮ್_ಓದುವವ · ಆಗಸ್ಟ್ 15

ಬರೇ ಎಂಟ್ರಿ! ಏಳು ವರ್ಷ ಎಸ್‌ಎಪಿ ಬಳಸಿದವ ಅದನ್ನು ಕೊನೆಯ ಸಾಲಿನಲ್ಲಿ, "ಹವ್ಯಾಸ: ಕ್ರಿಕೆಟ್" ಅನ್ನುವುದರ ಮೇಲೆ ಬರೆದಿದ್ದಾನೆ. ರಜೆ ಇದೆ, ಸ್ವಲ್ಪ ಉದ್ದ ಬರೆಯುತ್ತೇನೆ.

ನೀವು ಫ್ರೆಶರ್‌ಗಳ ಸಾಲಿನಲ್ಲಿ ನಿಂತು ಅರ್ಜಿ ಹಾಕುತ್ತಿದ್ದೀರಿ. ಆ ಸಾಲು ನಿಮ್ಮದಲ್ಲ. ದೊಡ್ಡ ಕಂಪನಿಗಳು ಫ್ರೆಶರ್‌ಗಳನ್ನು ಹೆಚ್ಚಾಗಿ ಕಾಲೇಜು ಕ್ಯಾಂಪಸ್ಸಿನಿಂದಲೇ ಎತ್ತುತ್ತವೆ. ಪಾಸಾದ ವರ್ಷ ನೋಡುತ್ತವೆ. ಅಲ್ಲಿ 22ರ ಹುಡುಗನ ಎದುರು 34ರ ನೀವು ಏನು ಮಾಡಿದರೂ ಹಿಂದೆಯೇ. ಆದರೆ ಆ ಹುಡುಗನಿಗೆ ಗೋದಾಮು ಅಂದರೆ ಏನು ಅಂತ ಗೊತ್ತಿಲ್ಲ. ಲಾರಿ ಬಾಗಿಲಲ್ಲಿ ನಿಂತಿದೆ, ಪಿಒದಲ್ಲಿ (ಖರೀದಿ ಆದೇಶದಲ್ಲಿ) 200 ಇದೆ, ಬಂದದ್ದು 190, ಡ್ರೈವರ್ ಸಹಿ ಹಾಕಿ ಅಂತ ಬೊಬ್ಬೆ ಹೊಡೆಯುತ್ತಿದ್ದಾನೆ. ಆಗ ಸಿಸ್ಟಮ್ಮಲ್ಲಿ ಏನು ಹೊಡೆಯಬೇಕು? ನಿಮಗೆ ನಿದ್ದೆಯಲ್ಲೂ ಗೊತ್ತು. ಎಸ್‌ಎಪಿಯ ಕೋಡಿನಲ್ಲಿ 101 ಅಂದರೆ ಮಾಲು ಒಳಗೆ, 102 ಅಂದರೆ ಅದನ್ನು ಹಿಂದೆ ತೆಗೆದದ್ದು, 201 ಅಂದರೆ ವಿಭಾಗಕ್ಕೆ ಕೊಟ್ಟದ್ದು. ಈ ನಂಬರುಗಳನ್ನು ಹುಡುಗರು ಬಾಯಿಪಾಠ ಮಾಡುತ್ತಾರೆ. ನಿಮಗೆ ಅದು ಏಳು ವರ್ಷದ ದಿನನಿತ್ಯದ ಕೆಲಸ.

ಹಾಗಾಗಿ ಹುಡುಕುವ ಹೆಸರನ್ನೇ ಬದಲಿಸಿ. "ಫ್ರೆಶರ್ ಡೆವಲಪರ್" ಬಿಡಿ. "ಅಪ್ಲಿಕೇಶನ್ ಸಪೋರ್ಟ್", "ಇಆರ್‌ಪಿ ಸಪೋರ್ಟ್", "ಎಸ್‌ಎಪಿ ಎಂಎಂ ಸಪೋರ್ಟ್", "ವೇರ್‌ಹೌಸ್ ಸಿಸ್ಟಮ್ ಸಪೋರ್ಟ್" ಅಂತ ಹುಡುಕಿ. ಇಆರ್‌ಪಿ ಅಂದರೆ ಎಸ್‌ಎಪಿಯಂಥ ಸಾಫ್ಟ್‌ವೇರ್, ಎಂಎಂ ಅಂದರೆ ಎಸ್‌ಎಪಿಯ ಖರೀದಿ, ಸ್ಟಾಕ್ ಭಾಗ. ಸಮಯವೂ ಒಂದು ರೀತಿಯಲ್ಲಿ ಒಳ್ಳೆಯದು. ಎಸ್‌ಎಪಿಯ ಹಳೆಯ ಆವೃತ್ತಿ ಇಸಿಸಿಗೆ ಕಂಪನಿಯ ಮುಖ್ಯ ಬೆಂಬಲ 2027ರ ಕೊನೆಗೆ ಮುಗಿಯುತ್ತದೆ. ಎಷ್ಟೋ ಕಂಪನಿಗಳು ಹೊಸ ಆವೃತ್ತಿ ಎಸ್/4 ಹಾನಾಗೆ ಬದಲಾಗುತ್ತಿವೆ. ಬದಲಾಗುವಾಗ ಹಳೆ ಪರದೆಗೆ ಒಗ್ಗಿದ ಬಳಕೆದಾರರೆಲ್ಲ ತಬ್ಬಿಬ್ಬಾಗುತ್ತಾರೆ, ಟಿಕೆಟ್ ಸುರಿಯುತ್ತದೆ. ಅವರಿಗೆ ಸಮಾಧಾನದಿಂದ ಹೇಳಿಕೊಡುವವರು ಬೇಕು.

ರೆಸ್ಯೂಮಲ್ಲಿ "ಎಸ್‌ಎಪಿ ಗೊತ್ತು" ಅಂತ ಬರೆದರೆ ಏನೂ ಹೇಳಿದ ಹಾಗಾಗಲಿಲ್ಲ. ದಿನಕ್ಕೆ ಎಷ್ಟು ಜಿಆರ್ (ಮಾಲು ಒಳಗೆ ತೆಗೆದುಕೊಂಡ ಎಂಟ್ರಿ) ಮಾಡುತ್ತಿದ್ದಿರಿ, ಎಷ್ಟು ಬಗೆಯ ಸಾಮಾನು ಇತ್ತು, ವರ್ಷಕ್ಕೆ ಎಷ್ಟು ಸಲ ಸ್ಟಾಕ್ ಎಣಿಕೆ, ಲೆಕ್ಕ ತಪ್ಪಿದರೆ ಹೇಗೆ ಹುಡುಕುತ್ತಿದ್ದಿರಿ, ಹೊಸಬರಿಗೆ ಕಲಿಸಿದ್ದೀರಾ? ಇದನ್ನೆಲ್ಲ ಮೊದಲ ಅರ್ಧ ಪುಟದಲ್ಲಿ ಹಾಕಿ. ಎಂಸಿಎ ಅದರ ಕೆಳಗೆ. ಕ್ರಿಕೆಟ್ ತೆಗೆಯಿರಿ.

ಎಸ್‌ಎಪಿಯದ್ದೇ ಕಲಿಕೆಯ ಜಾಲತಾಣದಲ್ಲಿ ಪಾಠಗಳು ಪುಕ್ಕಟೆ ಇವೆ. 85,000 ಕೊಟ್ಟು ಯಾರ ಹತ್ತಿರವೂ ಹೋಗಬೇಕಾಗಿಲ್ಲ. ಜೊತೆಗೆ ಎಸ್‌ಕ್ಯೂಎಲ್ (ಡೇಟಾಬೇಸಿನಿಂದ ಮಾಹಿತಿ ಹುಡುಕುವ ಭಾಷೆ) ಗಟ್ಟಿ ಮಾಡಿಕೊಳ್ಳಿ. ಸಪೋರ್ಟ್ ಕೆಲಸದಲ್ಲಿ ಜಾವಾ ಬರದಿದ್ದರೂ ನಡೆಯುತ್ತದೆ, ಎಸ್‌ಕ್ಯೂಎಲ್ ಬರದಿದ್ದರೆ ಎರಡನೇ ವರ್ಷವೂ ಎಲ್1ನಲ್ಲೇ ಕೂರುತ್ತೀರಿ.

ಪಡುಬಿದ್ರಿ_ಪೈಥಾನ್ · ಆಗಸ್ಟ್ 15

ಒಪ್ಪುವುದಿಲ್ಲ ಸರ್. ಎಸ್‌ಎಪಿ ಬಳಸಿದವನಿಗೂ ಎಸ್‌ಎಪಿ ಕನ್ಸಲ್ಟೆಂಟಿಗೂ ಅಜಗಜಾಂತರ. ಬಸ್ಸಲ್ಲಿ ದಿನಾ ಹೋಗುವವ ಡ್ರೈವರ್ ಆಗ್ತಾನಾ? ಆ ಕೆಲಸಗಳೆಲ್ಲ ಇರುವುದೂ ಬೆಂಗಳೂರಲ್ಲಿ.

ರೆಸ್ಯೂಮ್_ಓದುವವ · ಆಗಸ್ಟ್ 15

ಡ್ರೈವರ್ ಆಗುವುದಿಲ್ಲ. ಆದರೆ ದಿನಾ ಹೋಗುವವನಿಗೆ ಯಾವ ಸ್ಟಾಪಲ್ಲಿ ಎಷ್ಟು ಜನ ಹತ್ತುತ್ತಾರೆ ಅಂತ ಗೊತ್ತಿರುತ್ತದೆ. ಕಂಡಕ್ಟರ್ ಕೆಲಸಕ್ಕೆ ಅದು ಸಾಕು. ಕನ್ಸಲ್ಟೆಂಟ್ ಅಂತ ನಾನೂ ಹೇಳಲಿಲ್ಲ. ಬೆಂಗಳೂರಿನ ಮಾತು ಮಾತ್ರ ನಿಜ. ಇಲ್ಲಿ ಅವಕಾಶ ಕಡಿಮೆ, ಹುಡುಕಲು ಮೂರು ನಾಲ್ಕು ತಿಂಗಳು ಬೇಕು.

ಹಾರ್ಬರ್_ಲೆಕ್ಕ · ಆಗಸ್ಟ್ 17

ಹಿರಿಯನ ಒಂದು ಮಾತು, ಐಟಿಯವನಲ್ಲ ನಾನು. ಪಣಂಬೂರಿನಲ್ಲಿ ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿ 26 ವರ್ಷದಿಂದ ಇದ್ದೇನೆ.

ನೀವೆಲ್ಲ ಐಟಿ ಅಂದರೆ ಮುಡಿಪಿನ ಇನ್ಫೋಸಿಸ್, ಉಡುಪಿಯ ರೋಬೋಸಾಫ್ಟ್ ಅಂತ ಗಾಜಿನ ಕಟ್ಟಡ ನೋಡುತ್ತೀರಿ. ಐಟಿಯ ಕೆಲಸ ಗಾಜಿಲ್ಲದ ಕಟ್ಟಡದಲ್ಲೂ ಉಂಟು. ನಮ್ಮಲ್ಲಿ ಕಸ್ಟಮ್ಸ್ ಕಾಗದ ಪೂರಾ ಆ ಇಲಾಖೆಯ ಆನ್‌ಲೈನ್ ತಾಣ ಐಸ್‌ಗೇಟ್ ಮೂಲಕ ಹೋಗುತ್ತದೆ. ಸಾಫ್ಟ್‌ವೇರ್ ನಿಂತರೆ ಹಡಗಿನ ಮಾಲು ನಿಂತ ಹಾಗೆ. ಅದನ್ನು ನೋಡಿಕೊಳ್ಳಲು ನಾವು ಒಬ್ಬ ಹುಡುಗನನ್ನು ಇಟ್ಟುಕೊಂಡಿದ್ದೇವೆ. ಅವನ ಹುದ್ದೆಗೆ ಜಾಹೀರಾತೇ ಇರಲಿಲ್ಲ, ಯಾರೋ ಹೇಳಿದರು, ಬಂದ. ಸುರತ್ಕಲ್ ಕಡೆಯ ಕಾರ್ಖಾನೆಗಳ ಗುತ್ತಿಗೆದಾರರು, ಗೇರುಬೀಜದ ಫ್ಯಾಕ್ಟರಿಗಳು, ಮಲ್ಪೆಯ ಐಸ್ ಪ್ಲಾಂಟು, ಮೀನು ರಫ್ತಿನವರು, ಆಸ್ಪತ್ರೆಗಳ ಫಾರ್ಮಸಿ ಸ್ಟೋರು, ಇವರಿಗೆಲ್ಲ ಸ್ಟಾಕ್ ಸಾಫ್ಟ್‌ವೇರ್ ಬೇಕು. ಅದನ್ನು ಮಾಡಿಕೊಡುವ ಸಣ್ಣ ಸಣ್ಣ ಕಂಪನಿಗಳು ಹಂಪನಕಟ್ಟೆ, ಬೆಂದೂರು, ಕದ್ರಿಯಲ್ಲಿ ಮಹಡಿ ಮೇಲೆ ಇರುತ್ತವೆ, ಬೋರ್ಡೂ ಸರಿ ಕಾಣುವುದಿಲ್ಲ.

ಇನ್ನೊಂದು, ಇದು ಬ್ಯಾಂಕುಗಳ ಊರು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕ್, ಐದೂ ಇಲ್ಲೇ ಹುಟ್ಟಿದ್ದು. ಈಗ ಕರ್ಣಾಟಕ ಬ್ಯಾಂಕಿನ ಕೇಂದ್ರ ಕಚೇರಿ ಮಾತ್ರ ಮಂಗಳೂರಲ್ಲಿ ಉಳಿದಿದೆ. ಆದರೆ ಊರೂರಿಗೆ ಸಹಕಾರಿ ಸೊಸೈಟಿ ಉಂಟಲ್ಲ, ಅವರಿಗೂ ಸಾಫ್ಟ್‌ವೇರ್ ಸಪೋರ್ಟ್ ಬೇಕು. ಬಿಕಾಂ ಮಾಡಿದವರಿಗೆ ಡೆಬಿಟ್ ಕ್ರೆಡಿಟ್ ಹೇಳಿಕೊಡಬೇಕಾಗಿಲ್ಲ.

ಪಡುಬಿದ್ರಿ_ಪೈಥಾನ್ · ಆಗಸ್ಟ್ 18

ಓಕೆ, ನಾನು ಸ್ವಲ್ಪ ಇಳಿಯುತ್ತೇನೆ. ಅಣ್ಣ, ಪ್ರಾಜೆಕ್ಟ್ ಬೇಕೇ ಬೇಕು ಅನ್ನುವುದನ್ನು ಮಾತ್ರ ಬಿಡುವುದಿಲ್ಲ. ಟು-ಡು ಲಿಸ್ಟ್, ಹವಾಮಾನದ ಆ್ಯಪ್ ಎಲ್ಲ ಬೇಡ. ನಿಮ್ಮ ಭಾವನ ಅಂಗಡಿಯ ಸ್ಟಾಕನ್ನೇ ಮಾಡಿ. ಪೈಥಾನ್ ಹೇಗೂ ಓದುತ್ತಿದ್ದೀರಿ, ವೆಬ್ ಆ್ಯಪ್ ಕಟ್ಟಲು ಜ್ಯಾಂಗೋ, ಡೇಟಾ ಇಡಲು ಪೋಸ್ಟ್‌ಗ್ರೆಸ್ ಸಾಕು. ಎಲ್ಲಿ ಸಿಕ್ಕಿಬಿದ್ದರೂ ಮೆಸೇಜ್ ಮಾಡಿ, ನಾನಿದ್ದೇನೆ.

ಮೂಲ್ಕಿ_ಸ್ಟೋರ್‌ಕೀಪರ್ · ಅಕ್ಟೋಬರ್ 19

ಎರಡು ತಿಂಗಳು ಕಾಣೆಯಾಗಿದ್ದೆ. ವರದಿ ಒಪ್ಪಿಸುತ್ತಿದ್ದೇನೆ.

ರೆಸ್ಯೂಮ್ ತಲೆಕೆಳಗು ಮಾಡಿದೆ. 17 ಕಡೆ ಹಾಕಿದೆ, ಐದು ಫೋನ್ ಬಂತು. ಹಿಂದೆ 60ಕ್ಕೆ ಎರಡು.

ಅಂಗಡಿಯ ಪ್ರಾಜೆಕ್ಟ್ ಶುರು ಮಾಡಿದೆ. ಪಡುಬಿದ್ರಿ ತಮ್ಮ ಎರಡು ಭಾನುವಾರ ಮನೆಗೇ ಬಂದು ಕೂತ. (ನನ್ನ ಹೆಂಡತಿ ಮಾಡಿದ ನೀರುದೋಸೆಗೆ ಬಂದದ್ದು ಅಂತ ಈಗ ಅನುಮಾನ.) ಅರ್ಧ ಇಂಚಿನ ಎಲ್ಬೋ (ಪೈಪು ತಿರುಗಿಸುವ ಬಾಗಿದ ತುಂಡು) ಒಂದಕ್ಕೇ ಅಂಗಡಿಯಲ್ಲಿ ಒಂಬತ್ತು ಹೆಸರು ಇತ್ತು. ಭಾವ ಒಂದು ಹೇಳ್ತಾರೆ, ಕೆಲಸದ ಹುಡುಗ ಒಂದು, ಬಿಲ್ಲಿನಲ್ಲಿ ಇನ್ನೊಂದು. ಅದನ್ನು ಒಂದು ಮಾಡುವುದರಲ್ಲೇ ಸೆಪ್ಟೆಂಬರ್ ಮುಗಿಯಿತು. ಮಳೆಗೆ ಕರೆಂಟ್ ಹೋದ ದಿನಗಳು ಲೆಕ್ಕಕ್ಕೇ ಇಲ್ಲ.

ಇಂಟರ್‌ವ್ಯೂ ಎರಡು ಆಯಿತು, ಎರಡರಲ್ಲೂ ಬಿದ್ದೆ. ಮೊದಲನೆಯದು ಸರ್ವಿಸ್ ಡೆಸ್ಕ್. "ಬಳಕೆದಾರನ ಲ್ಯಾಪ್‌ಟಾಪಿನ ಐಪಿ 169.254 ಅಂತ ಶುರುವಾಗಿದೆ, ಏನು ಅರ್ಥ?" ಅಂತ ಕೇಳಿದರು. ಇಂಟರ್ನೆಟ್ ಬಿಲ್ ಕಟ್ಟಿಲ್ಲ ಅಂದೆ. ಅವರು ನಗಲಿಲ್ಲ.

ಎರಡನೆಯದರಲ್ಲಿ ಎಸ್‌ಎಪಿ ಪ್ರಶ್ನೆಗಳಿಗೆಲ್ಲ ಹೇಳಿದೆ. ಆಮೇಲೆ ಕಾಗದ ಕೊಟ್ಟು, ಒಂದು ಟೇಬಲಿನಲ್ಲಿ ಎರಡೆರಡು ಸಲ ಬಂದಿರುವ ಬಿಲ್ ನಂಬರ್ ಹುಡುಕುವ ಎಸ್‌ಕ್ಯೂಎಲ್ ಬರೆಯಿರಿ ಅಂದರು. ಗ್ರೂಪ್ ಬೈ ತನಕ ಬಂತು. ಅಲ್ಲಿಂದ ಮುಂದೆ ಕೈ ಓಡಲಿಲ್ಲ. ಬಸ್ಸಲ್ಲಿ ಪಾವಂಜೆ ದಾಟುವಾಗ ಮುಂದಿನ ಭಾಗ, ಹ್ಯಾವಿಂಗ್ ಕೌಂಟ್, ನೆನಪಾಯಿತು. ಕೆಳಗಿಳಿದು ವಾಪಸ್ ಓಡುವ ಅನ್ನಿಸಿತು.

ನೈಟ್‌ಶಿಫ್ಟ್_ಕೊಟ್ಟಾರ · ಅಕ್ಟೋಬರ್ 19

ಬಿಲ್ ಕಟ್ಟಿಲ್ಲ 😂 ನಮ್ಮ ಟೀಮಿಗೆ ಓದಿ ಹೇಳಿದೆ, ಕ್ಷಮಿಸಿ.

ಇನ್ನು ಜನ್ಮದಲ್ಲಿ ಮರೆಯದ ಹಾಗೆ ಹೇಳುತ್ತೇನೆ. ಹಾಸ್ಟೆಲಿಗೆ ಹೊಸ ಹುಡುಗ ಬಂದ. ರೂಮ್ ನಂಬರ್ ಕೊಡುವುದು ವಾರ್ಡನ್. ವಾರ್ಡನ್ ಕಾಣುತ್ತಿಲ್ಲ. ಕಾದು ಕಾದು ಹುಡುಗ ತಾನೇ ಒಂದು ನಂಬರ್ ಬರೆದು ಹಣೆಗೆ ಅಂಟಿಸಿಕೊಂಡ. 169.254 ಅಂದರೆ ಅದು. ವಾರ್ಡನ್ ಅಂದರೆ ಡಿಎಚ್‌ಸಿಪಿ ಸರ್ವರ್, ಲ್ಯಾಪ್‌ಟಾಪಿಗೆ ಅದು ಸಿಗಲಿಲ್ಲ. ಹಾಗಾಗಿ ಮೊದಲು ಕೇಬಲ್ ನೋಡಿ, ವೈಫೈ ನೋಡಿ, ಆಮೇಲೆ ಐಪಿ ಬಿಟ್ಟು ಹೊಸದು ಕೇಳಿಸಿ. ಬೇರೆಯವರಿಗೂ ಹಾಗೇ ಆಗಿದೆಯಾ ಅಂತ ವಿಚಾರಿಸಿ. ಆಗಿದ್ದರೆ ಸರ್ವರ್ ಕಡೆಯ ತೊಂದರೆ, ಮೇಲೆ ಕಳಿಸಿ.

ಕಾರ್ಕಳ_ಕರಿಕಲ್ಲು · ಅಕ್ಟೋಬರ್ 20

ನಡುವೆ ಬಾಯಿ ಹಾಕುತ್ತಿದ್ದೇನೆ. ದೂರಶಿಕ್ಷಣದ ಎಂಸಿಎಗೆ ಬೆಲೆ ಉಂಟಾ? ನಮ್ಮ ಮನೆಯಲ್ಲಿ ಅದು ವೇಸ್ಟ್ ಅಂತಿದ್ದಾರೆ.

ಬ್ರಹ್ಮಾವರದಕ್ಕ · ಅಕ್ಟೋಬರ್ 20

ಯುಜಿಸಿ ಮಾನ್ಯತೆ ಇರುವ ದೂರಶಿಕ್ಷಣದ ಮತ್ತು ಆನ್‌ಲೈನ್ ಡಿಗ್ರಿ ಕಾಲೇಜಿಗೆ ಹೋಗಿ ಪಡೆದ ಡಿಗ್ರಿಗೆ ಸಮ ಅಂತ 2022ರಲ್ಲಿ ಯುಜಿಸಿಯೇ ಸ್ಪಷ್ಟ ಮಾಡಿದೆ. ಸೇರುವ ಮೊದಲು ಆ ಕೋರ್ಸಿಗೆ ಆ ವರ್ಷ ಮಾನ್ಯತೆ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ. ಕಾಗದದ ಬೆಲೆ ಅಷ್ಟು. ಕ್ಯಾಂಪಸ್ ಪ್ಲೇಸ್‌ಮೆಂಟ್ ಸಿಗುವುದಿಲ್ಲ, ಅದು ನಿಜ. ಮನೆಯವರಿಗೆ ಎರಡನ್ನೂ ಹೇಳಿ.

ಸ್ಟೋರ್‌ಕೀಪರ್ ಅವರೇ, ನಾನು ಆರು ಕಡೆ ಬಿದ್ದಿದ್ದೆ. ಅದನ್ನು ಬಿಡಿ. ನಿಮಗೆ ಹೇಳಬೇಕಾದ್ದು ಬೇರೆ ಉಂಟು. ನನ್ನ ಮೊದಲ ಟೀಮ್ ಲೀಡ್‌ಗೆ 24 ವರ್ಷ. ಲ್ಯಾಬಿನಲ್ಲಿ ನಾನು ಹತ್ತು ಜನರಿಗೆ ಕಲಿಸಿದವಳು. ಇಲ್ಲಿ ಆ ಹುಡುಗಿ ನನ್ನ ರಿಪೋರ್ಟಿಗೆ ಕೆಂಪು ಗೆರೆ ಎಳೆದು ವಾಪಸ್ ಕಳಿಸುತ್ತಿದ್ದಳು. ಮೊದಲ ತಿಂಗಳು ಬಾತ್‌ರೂಮಿನಲ್ಲಿ ಅತ್ತಿದ್ದೇನೆ. ಅವಳು ಹೇಳಿದ್ದು ಸರಿಯಿತ್ತು, ಅದಕ್ಕೇ ಜಾಸ್ತಿ ಅಳು. ಗಂಡಸರಿಗೆ ಇದು ಇನ್ನೂ ಕಷ್ಟವೇನೋ, ಗೊತ್ತಿಲ್ಲ. ಸಂಬಳವೂ ಅಷ್ಟೇ, ಲ್ಯಾಬಿಗಿಂತ 6,000 ಕಡಿಮೆಗೆ ಸೇರಿದೆ. ಹಳೆಯ ಸಂಬಳ ಮುಟ್ಟಲು ಒಂದೂವರೆ ವರ್ಷ ಬೇಕಾಯಿತು. ಮನೆಯಲ್ಲಿ ಈಗಲೇ ಕೂತು ಲೆಕ್ಕ ಹಾಕಿ. ನಾನು ಹಾಕಿರಲಿಲ್ಲ, ಎರಡು ಚಿನ್ನದ ಸಾಲ ಆಯಿತು.

ಮೂಲ್ಕಿ_ಸ್ಟೋರ್‌ಕೀಪರ್ · ಅಕ್ಟೋಬರ್ 21

ಅಕ್ಕ, ಇದನ್ನು ಹೆಂಡತಿಗೆ ಓದಿ ಹೇಳಿದೆ. ಲೆಕ್ಕ ಹಾಕಿದೆವು. 15,000ಕ್ಕಿಂತ ಕೆಳಗೆ ಹೋದರೆ ಆಗುವುದಿಲ್ಲ. 18 ಬಂದರೆ ಉಸಿರಾಡಬಹುದು.

ಮೂಲ್ಕಿ_ಸ್ಟೋರ್‌ಕೀಪರ್ · ಜನವರಿ 27

ಆಫರ್ ಬಂತು!! ಮಂಗಳೂರಿನಲ್ಲೇ. ಹೊರದೇಶದ ಕಂಪನಿಯೊಂದರ ಗೋದಾಮುಗಳ ಎಸ್‌ಎಪಿ ಸಪೋರ್ಟ್, ಎಲ್1. ತಿಂಗಳಿಗೆ 19,000. ಶಿಫ್ಟ್ ಮಧ್ಯಾಹ್ನ 2ರಿಂದ ರಾತ್ರಿ 11.

ಇಂಟರ್‌ವ್ಯೂ 50 ನಿಮಿಷ. ಅದರಲ್ಲಿ ಅರ್ಧ ಗಂಟೆ ಭಾವನ ಅಂಗಡಿಯ ಬಗ್ಗೆ. ಒಂಬತ್ತು ಹೆಸರಿನ ಎಲ್ಬೋ ಕಥೆ ಹೇಳಿದೆ. ಅವರು ಜೋರು ನಕ್ಕು, ನಮ್ಮ ಕ್ಲೈಂಟಿನ ಹತ್ತಿರವೂ ಅದೇ ತಾಪತ್ರಯ, ಮಟೀರಿಯಲ್ ಮಾಸ್ಟರ್ (ಸಾಮಾನುಗಳ ಮೂಲ ಪಟ್ಟಿ) ಪೂರಾ ಡೂಪ್ಲಿಕೇಟ್ ಅಂದರು. ಆಮೇಲೆ ಡೂಪ್ಲಿಕೇಟ್ ಹುಡುಕುವ ಎಸ್‌ಕ್ಯೂಎಲ್ ಬರೆಯಿರಿ ಅಂದರು. ಈ ಸಲ ಪೆನ್ನು ಕೊಡುವ ಮೊದಲೇ ಬರೆಯುವಷ್ಟು ಗೊತ್ತಿತ್ತು.

ಒಂದು ಸಂಶಯ. ಎರಡು ವರ್ಷದ ಬಾಂಡ್ ಉಂಟು. ಜೊತೆಗೆ ಬಿಕಾಂ ಮಾರ್ಕ್ಸ್ ಕಾರ್ಡಿನ ಒರಿಜಿನಲ್ ಅವರ ಹತ್ತಿರ ಇಡಬೇಕಂತೆ. ಕೊಡಬಹುದಾ?

ರೆಸ್ಯೂಮ್_ಓದುವವ · ಜನವರಿ 27

ಮೊದಲು ಶಹಬ್ಬಾಸ್.

ಒರಿಜಿನಲ್ ಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಡಿ, ಎದುರಿಗೇ ತಾಳೆ ನೋಡಿಕೊಳ್ಳಲಿ. ಇಗ್ನೋಗೆ, ಪಾಸ್‌ಪೋರ್ಟಿಗೆ ಬೇಕಾಗುತ್ತದೆ ಅಂತ ನಯವಾಗಿ ಹೇಳಿ. ಬಾಂಡಿನಲ್ಲಿ ಮೂರು ನೋಡಿ. ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು, ತಿಂಗಳು ಕಳೆದ ಹಾಗೆ ಆ ಮೊತ್ತ ಇಳಿಯುತ್ತದಾ, ಅವರೇ ನಿಮ್ಮನ್ನು ತೆಗೆದರೆ ಏನು? ಸಹಿ ಹಾಕಿದ ಪ್ರತಿ ನಿಮಗೂ ಬೇಕು.

ಇನ್ನೊಂದು, ಇಗ್ನೋ ಪರೀಕ್ಷೆ ಜೂನ್, ಡಿಸೆಂಬರಿನಲ್ಲಿ ಬರುತ್ತದಲ್ಲ. ರಜೆ ಬೇಕು ಅಂತ ಸೇರುವ ಮೊದಲೇ ಇಮೇಲಲ್ಲಿ ಬರೆದು ಒಪ್ಪಿಗೆ ತೆಗೆದುಕೊಳ್ಳಿ. ಬಾಯಿಮಾತಿಗೆ ಒಪ್ಪಿದ ಮ್ಯಾನೇಜರ್ ಜೂನಿಗೆ ಅಲ್ಲಿ ಇರುವುದಿಲ್ಲ.

ಹಾರ್ಬರ್_ಲೆಕ್ಕ · ಜನವರಿ 28

ಸಂತೋಷ ಆಯ್ತು. ಒರಿಜಿನಲ್ ಕೊಟ್ಟು ಮೂರು ವರ್ಷ ತಿರುಗಿದವನ ಕಥೆ ನಮ್ಮ ಮನೆಯಲ್ಲೇ ಉಂಟು. ಕೊಡ್ಬೇಡಿ.

ಮೂಲ್ಕಿ_ಸ್ಟೋರ್‌ಕೀಪರ್ · ಜನವರಿ 30

ಕೇಳಿದೆ. ಜೆರಾಕ್ಸ್ ಸಾಕು ಅಂದರು. ಇಷ್ಟೇ ಸುಲಭ ಅಂತ ಗೊತ್ತಿರಲಿಲ್ಲ. ಪರೀಕ್ಷೆ ರಜೆಗೆ ಇಮೇಲ್ ಬಂತು, ಸಂಬಳ ಇಲ್ಲದ ರಜೆ. ಆಗಲಿ. ಬಾಂಡ್ ಮೊತ್ತ ವರ್ಷ ಕಳೆದರೆ ಅರ್ಧ ಆಗ್ತದೆ ಅಂತ ಬರೆಸಿಕೊಂಡೆ. ಫೆಬ್ರವರಿ 16ಕ್ಕೆ ಸೇರುತ್ತೇನೆ.

ಪಡುಬಿದ್ರಿ_ಪೈಥಾನ್ · ಜನವರಿ 30

ಅಣ್ಣಾ, ಪಾರ್ಟಿ! ಮತ್ತೆ ನನ್ನ ರೆಸ್ಯೂಮ್ ಸ್ವಲ್ಪ ನೋಡಿ. ಕ್ಯಾಂಪಸ್‌ನಲ್ಲಿ ಮೂರು ಕಂಪನಿ ಬಂದು ಹೋಯ್ತು, ನನಗೆ ಒಂದೂ ಆಗಲಿಲ್ಲ.

ಮೂಲ್ಕಿ_ಸ್ಟೋರ್‌ಕೀಪರ್ · ಜನವರಿ 30

ಭಾನುವಾರ ಬಾ ತಮ್ಮ. ನೀರುದೋಸೆ ಉಂಟು. ರೆಸ್ಯೂಮ್ ಪ್ರಿಂಟ್ ತಾ, ಫೋನಲ್ಲಿ ತೋರಿಸಬೇಡ.

ಮೂಲ್ಕಿ_ಸ್ಟೋರ್‌ಕೀಪರ್ · ಮಾರ್ಚ್ 3

ಎರಡು ವಾರ ಆಯಿತು. ಮೊದಲ ಹತ್ತು ದಿನ ಪಕ್ಕದಲ್ಲಿ ಕೂತು ನೋಡುವುದಷ್ಟೇ. ಲೀಡ್‌ಗೆ 26 ವರ್ಷ. ಅಕ್ಕ ಹೇಳಿದ್ದು ನೆನಪಿಟ್ಟುಕೊಂಡಿದ್ದೇನೆ.

ನಿನ್ನೆ ನನ್ನದೇ ಹೆಸರಿಗೆ ಮೊದಲ ಟಿಕೆಟ್ ಬಂತು. ಆ ಕಡೆ ಒಬ್ಬ ಸ್ಟೋರ್‌ಕೀಪರ್. ಮಾಲು ಬಂದು ಬಾಗಿಲಲ್ಲಿ ನಿಂತಿದೆ, ಜಿಆರ್ ಹೊಡೆದರೆ ಆಗುತ್ತಿಲ್ಲ, ಈ ಅವಧಿಗೆ ಪೋಸ್ಟ್ ಮಾಡಲು ಬರುವುದಿಲ್ಲ ಅಂತ ಕೆಂಪಗೆ ತೋರಿಸುತ್ತಿದೆ ಅಂತ ಕಿರುಚುತ್ತಿದ್ದ. ಡ್ರೈವರ್ ಹಾರ್ನ್ ಹೊಡೆಯುವುದೂ ಫೋನಲ್ಲಿ ಕೇಳುತ್ತಿತ್ತು. ನಾನು ತಾರೀಕು ನೋಡಿದೆ. ತಿಂಗಳ ಶುರು. ಹೊಸ ತಿಂಗಳ ಅವಧಿಯನ್ನು ಸಿಸ್ಟಮ್ಮಲ್ಲಿ ಯಾರೋ ತೆರೆದಿಲ್ಲ. ಜುಬೈಲಿನಲ್ಲಿ ತಿಂಗಳ ಮೊದಲ ದಿನ ನಾನು ಇದಕ್ಕೇ ಹೆಲ್ಪ್ ಡೆಸ್ಕಿಗೆ ಫೋನ್ ಮಾಡಿ ಹೀಗೇ ಕಿರುಚುತ್ತಿದ್ದೆ. ಆ ಕಡೆಯವನು "ಸರ್, ಟಿಕೆಟ್ ರೇಸ್ ಮಾಡಿ" ಅಂದಾಗ ಎಷ್ಟು ಉರಿಯುತ್ತಿತ್ತು ಅಂತ ಗೊತ್ತು. ಹಾಗಾಗಿ ಅವನಿಗೆ ಅದನ್ನು ಹೇಳಲಿಲ್ಲ. ಮಾಲು ಇಳಿಸಿಕೊಳ್ಳಿ, ಡೆಲಿವರಿ ಚೀಟಿಯಲ್ಲಿ ಎಣಿಕೆ ಬರೆದು ಸಹಿ ಹಾಕಿ ಲಾರಿ ಬಿಡಿ, ಅರ್ಧ ಗಂಟೆಯಲ್ಲಿ ನಾನೇ ಫೋನ್ ಮಾಡುತ್ತೇನೆ ಅಂದೆ. ಹೊಸ ಅವಧಿ ತೆರೆಯುವ ಎಂಎಂಪಿವಿ ಓಡಿಸುವ ಅಧಿಕಾರ ನನಗಿಲ್ಲ, ಎಲ್2ಗೆ ದಾಟಿಸಿದೆ. 22 ನಿಮಿಷದಲ್ಲಿ ಆಯಿತು. ಫೋನ್ ಮಾಡಿದೆ. "ನೀವು ಸ್ಟೋರಲ್ಲಿ ಇದ್ದವರಾ?" ಅಂತ ಕೇಳಿದ.

ಈಗ ನನ್ನ ಟಿಕೆಟ್. ರಾತ್ರಿ 11ಕ್ಕೆ ಬಿಟ್ಟರೆ ಕೊಟ್ಟಾರ ಚೌಕಿಯಿಂದ ಮೂಲ್ಕಿಗೆ ಯಾವ ಬಸ್ಸು? ಕ್ಯಾಬ್ ಸುರತ್ಕಲ್ ತನಕವೇ. ಎರಡು ವಾರದಿಂದ ಭಾವ ಸ್ಕೂಟರಲ್ಲಿ ಬಂದು ಕರೆದುಕೊಂಡು ಹೋಗುತ್ತಿದ್ದಾರೆ, ಅವರಿಗೂ ಸಾಕಾಗಿದೆ.

ನೈಟ್‌ಶಿಫ್ಟ್_ಕೊಟ್ಟಾರ · ಮಾರ್ಚ್ 3

ಬಸ್ಸು ನಂಬಿ ಕೂರಬೇಡಿ. ನಮ್ಮ ಪಕ್ಕದ ಬಿಲ್ಡಿಂಗಿನಿಂದ ಹೆಜಮಾಡಿಗೆ ಹೋಗುವ ಇಬ್ಬರು ಹುಡುಗರು ಕಾರು ಇಟ್ಟಿದ್ದಾರೆ, ಪೆಟ್ರೋಲ್ ಹಂಚಿಕೊಳ್ಳುತ್ತಾರೆ. ಒಬ್ಬರ ಜಾಗ ಖಾಲಿ ಉಂಟು. ಮೆಸೇಜ್ ನೋಡಿ, ನಂಬರ್ ಕಳಿಸಿದ್ದೇನೆ.